ನೆಟ್ ಹೋದರೂ ಕೈಕೊಡದ ಉಚಿತ ತಂತ್ರಾಂಶ: ಯಾವ ಕೆಲಸಕ್ಕೆ ಯಾವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಒಂದು ಮರ ಬಿದ್ದರೆ ಕರೆಂಟಿನ ತಂತಿಯ ಜೊತೆ ಫೈಬರ್ ಕೇಬಲ್ಲೂ ಹೋಗುತ್ತದೆ. ಟವರಿನ ಬ್ಯಾಟರಿ ಇಳಿದ ಮೇಲೆ ಮೊಬೈಲ್ ನೆಟ್ಟೂ ಇಲ್ಲ. ಕರಾವಳಿಯ ಪೇಟೆಗಳಲ್ಲಿ ಪರಿಸ್ಥಿತಿ ಇದಕ್ಕಿಂತ ವಾಸಿ, ಆದರೂ ಗಾಳಿಮಳೆಯ ದಿನ ಕಾರವಾರದಲ್ಲೂ ನೆಟ್ಟನ್ನು ನಂಬಿಕೊಂಡು ಅರ್ಜಿ ತುಂಬಲು ಕೂರುವುದು ಕಷ್ಟವೇ. ‘ಎಲ್ಲವನ್ನೂ ಬ್ರೌಸರಿನಲ್ಲೇ ಮಾಡಿ, ಏನೂ ಇನ್‌ಸ್ಟಾಲ್ ಮಾಡಬೇಡಿ’ ಎಂಬ ದೊಡ್ಡ ಊರಿನ ಸಲಹೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ವರ್ಷಪೂರ್ತಿ ನಡೆಯುವುದಿಲ್ಲ.

ಹಾಗಾಗಿ ಉಚಿತ ತಂತ್ರಾಂಶ ಆರಿಸುವಾಗ ಸೌಲಭ್ಯಗಳ ಪಟ್ಟಿ ನೋಡುವ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ನೆಟ್ ಇಲ್ಲದ ದಿನ ಇದು ತೆರೆಯುತ್ತದೆಯೇ? ಫೈಲು ನಮ್ಮ ಕಂಪ್ಯೂಟರಿನಲ್ಲೇ ಇರುತ್ತದೆಯೇ? ಹೌದಾದರೆ ದಿನದ ಕೆಲಸಕ್ಕೆ ಅದನ್ನೇ ಇಟ್ಟುಕೊಳ್ಳಿ. ಜಾಲತಾಣಗಳೇನಿದ್ದರೂ ಮುಗಿದ ಕೆಲಸವನ್ನು ಕಳಿಸಲಿಕ್ಕೆ, ಹಂಚಿಕೊಳ್ಳಲಿಕ್ಕೆ.

‘ಉಚಿತ’ ಎಂದು ಬರೆದದ್ದೆಲ್ಲ ಒಂದೇ ತರಹದ್ದಲ್ಲ ಎಂಬುದನ್ನೂ ನೋಡಿಕೊಳ್ಳಬೇಕು. ಪತ್ರ, ಲೆಕ್ಕಕ್ಕಿರುವ ಲಿಬ್ರೆಆಫೀಸ್, ವೀಡಿಯೊ ನೋಡುವ ವಿಎಲ್‌ಸಿ, ಫೈಲು ಕುಗ್ಗಿಸುವ 7-ಜಿಪ್, ಚಿತ್ರ ತಿದ್ದುವ ಗಿಂಪ್ ಮನೆಗೂ ಉಚಿತ, ಅಂಗಡಿಗೂ ಉಚಿತ. ಚಿತ್ರ ನೋಡುವ ಇರ್ಫಾನ್‌ವ್ಯೂ, ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಂಥವು ಮನೆ ಬಳಕೆಗೆ ಮಾತ್ರ ಉಚಿತ. ಝೆರಾಕ್ಸ್ ಅಂಗಡಿ, ಗ್ರಾಮ ಒನ್ ಕೇಂದ್ರ ನಡೆಸುವವರು ಅದನ್ನೇ ಬಳಸುವುದಾದರೆ ಪರವಾನಗಿ ಕೊಳ್ಳಬೇಕು. ಫೈಲು ಕುಗ್ಗಿಸುವ ವಿನ್‌ರಾರ್ 40 ದಿನದ ಪ್ರಯೋಗದ ಆವೃತ್ತಿ, ಅದು ಆಮೇಲೂ ತೆರೆದುಕೊಳ್ಳುತ್ತದೆ ಎಂಬ ಕಾರಣಕ್ಕೆ ಜನ ಉಚಿತ ಅಂದುಕೊಂಡಿದ್ದಾರೆ ಅಷ್ಟೆ.

ಪತ್ರ ಬರೆಯಲು, ಲೆಕ್ಕ ಇಡಲು

ಇಲ್ಲಿ ನಿಜವಾದ ಸ್ಪರ್ಧೆ ಲಿಬ್ರೆಆಫೀಸ್ ಮತ್ತು ಗೂಗಲ್ ಡಾಕ್ಸ್ ನಡುವೆ. ಮೈಕ್ರೋಸಾಫ್ಟಿನ ವರ್ಡ್, ಎಕ್ಸೆಲ್ ಕೂಡ ಬ್ರೌಸರಿನಲ್ಲಿ ಉಚಿತವಾಗಿ ಸಿಗುತ್ತವೆ, ಜೊತೆಗೆ 5 ಜಿಬಿ ಜಾಗ. ಆದರೆ ನೆಟ್ ಹೋದ ಕೂಡಲೇ ಅವು ನಿಂತುಬಿಡುತ್ತವೆ. ಡಬ್ಲ್ಯುಪಿಎಸ್ ಆಫೀಸ್ ನೋಡಲು ವರ್ಡಿನ ಹಾಗೇ ಇದೆ, ಆದರೆ ಉಚಿತ ಆವೃತ್ತಿಯಲ್ಲಿ ಜಾಹೀರಾತಿನ ಕಾಟ. ಓಪನ್‌ಆಫೀಸ್ ಹೆಸರು ಕೇಳಿದವರು ಈಗಲೂ ಅದನ್ನೇ ಹುಡುಕುತ್ತಾರೆ. 2010ರಲ್ಲಿ ಅದರಿಂದ ಕವಲೊಡೆದದ್ದೇ ಲಿಬ್ರೆಆಫೀಸ್. ಅಂದಿನಿಂದ ಅಭಿವೃದ್ಧಿಯ ಕೆಲಸ ಹೆಚ್ಚಾಗಿ ನಡೆದದ್ದು ಈ ಕಡೆಗೆ. ಹಳೆಯದನ್ನು ಹೊಸದಾಗಿ ಹಾಕಿಕೊಳ್ಳಲು ಕಾರಣವೇ ಇಲ್ಲ.

ಲಿಬ್ರೆಆಫೀಸ್ ಇನ್‌ಸ್ಟಾಲರ್ ಸುಮಾರು 350 ಎಂಬಿ. ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿಟ್ಟರೆ ಕೇರಿಯ ಎಲ್ಲ ಕಂಪ್ಯೂಟರುಗಳಿಗೂ ಹಾಕಬಹುದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಹಾಕಿದ ಮೇಲೆ ಮೂರು ಕಡೆ ಕೈಯಾಡಿಸಬೇಕು. ಹೆಚ್ಚಿನವರು ಇದನ್ನು ಬಿಟ್ಟು ಆಮೇಲೆ ‘ಇದು ಸರಿಯಿಲ್ಲ’ ಅನ್ನುತ್ತಾರೆ.

ಮೊದಲನೆಯದು ಕನ್ನಡ ಅಕ್ಷರದ ಗಾತ್ರ. ಫಾಂಟ್ 14 ಎಂದು ಇಟ್ಟರೂ ಹೊಸ ಕಡತದಲ್ಲಿ ಕನ್ನಡ ಮತ್ತೆ 12ಕ್ಕೇ ಬಂದು ನಿಲ್ಲುವುದಕ್ಕೆ ಕಾರಣವಿದೆ. ಲಿಬ್ರೆಆಫೀಸ್ ಇಂಗ್ಲಿಷಿಗೊಂದು, ಭಾರತೀಯ ಲಿಪಿಗಳಿಗೊಂದು, ಹೀಗೆ ಬೇರೆ ಬೇರೆ ಫಾಂಟ್ ಲೆಕ್ಕ ಇಟ್ಟುಕೊಂಡಿರುತ್ತದೆ. ಟೂಲ್ಸ್, ಆಪ್ಶನ್ಸ್, ಲ್ಯಾಂಗ್ವೇಜಸ್ ಆ್ಯಂಡ್ ಲೊಕೇಲ್ಸ್ ಒಳಗೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎದುರಿಗೆ ಟಿಕ್ ಹಾಕಿ, ಕನ್ನಡ ಆರಿಸಿ. ಆಮೇಲೆ ಸ್ಟೈಲ್‌ನ ಫಾಂಟ್ ಪುಟದಲ್ಲಿ ಆ ಎರಡನೇ ಭಾಗಕ್ಕೂ ಫಾಂಟ್, ಗಾತ್ರ ಕೊಡಿ. ವರ್ಡ್‌ನಲ್ಲೂ ಇದೇ ತೊಂದರೆ ಇದೆ, ಅಲ್ಲಿ ಅದರ ಹೆಸರು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’.

ಎರಡನೆಯದು ಲೊಕೇಲ್, ಅಂದರೆ ದಿನಾಂಕ, ಅಂಕಿಗಳನ್ನು ಯಾವ ದೇಶದ ರೀತಿಯಲ್ಲಿ ಓದಬೇಕು ಎಂಬ ಸೆಟ್ಟಿಂಗ್. ಅದು ಅಮೆರಿಕದ ಇಂಗ್ಲಿಷಿಗೆ ಇದ್ದರೆ ಲಿಬ್ರೆಆಫೀಸಿನ ಲೆಕ್ಕದ ಹಾಳೆಯಾದ ಕ್ಯಾಲ್ಕ್‌ನಲ್ಲಿ 13/06/2025 ಎಂದು ಹೊಡೆದದ್ದು ದಿನಾಂಕವಾಗುವುದೇ ಇಲ್ಲ, ಬರೀ ಪಠ್ಯವಾಗಿ ಕೂರುತ್ತದೆ, ಯಾಕೆಂದರೆ ಅವರ ಲೆಕ್ಕದಲ್ಲಿ 13ನೇ ತಿಂಗಳಿಲ್ಲ. 05/06 ಎಂದು ಹೊಡೆದದ್ದು ಇನ್ನೂ ಅಪಾಯ, ಅದು ಸದ್ದಿಲ್ಲದೆ ಮೇ 6 ಆಗುತ್ತದೆ. ಅಡಿಕೆ ವ್ಯಾಪಾರದ ಪಟ್ಟಿಯನ್ನು ದಿನಾಂಕದ ಪ್ರಕಾರ ಜೋಡಿಸಿದಾಗ ಸಾಲುಗಳು ಅಡ್ಡಾದಿಡ್ಡಿಯಾದರೆ ಮೊದಲು ಇದನ್ನೇ ನೋಡಬೇಕು. ಲೊಕೇಲನ್ನು ‘ಇಂಗ್ಲಿಷ್, ಇಂಡಿಯಾ’ ಮಾಡಿದರೆ ಮುಗಿಯಿತು. ಲಕ್ಷದ ಅಲ್ಪವಿರಾಮ ಬೇಕಾದರೆ ಸೆಲ್ ಫಾರ್ಮ್ಯಾಟಿನಲ್ಲಿ #,##,##0 ಎಂದು ಕೊಡಿ, 1,25,000 ಎಂದೇ ಕಾಣುತ್ತದೆ.

ಮೂರನೆಯದು ಕರೆಂಟಿನ ವಿಷಯ. ತಾನೇ ಉಳಿಸಿಕೊಳ್ಳುವ ಅವಧಿ ಮೊದಲಿಗೆ 10 ನಿಮಿಷಕ್ಕಿರುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿಗೆ ಅದು ಬಹಳವಾಯಿತು. ಆಪ್ಶನ್ಸ್‌ನ ಲೋಡ್/ಸೇವ್ ವಿಭಾಗದಲ್ಲಿ ಅದನ್ನು 2 ನಿಮಿಷಕ್ಕೆ ಇಳಿಸಿ. ಹೊಸ ಕಡತಕ್ಕೆ ಮೊದಲೇ ಒಂದು ಹೆಸರು ಕೊಟ್ಟು ಉಳಿಸಿಬಿಡುವುದೂ ಒಳ್ಳೆಯದು. ಹೆಸರಿದ್ದ ಕಡತವನ್ನು ಕರೆಂಟು ಬಂದ ಮೇಲೆ ಹುಡುಕುವುದು ಸುಲಭ.

ಗೂಗಲ್ ಡಾಕ್ಸ್ ಗೆಲ್ಲುವುದು ಎರಡು ಕಡೆ. ಸಂಘದ ವರದಿಯನ್ನು ಹೊನ್ನಾವರದಿಂದ ಒಬ್ಬರು, ಬೆಂಗಳೂರಿನಿಂದ ಇನ್ನೊಬ್ಬರು ಒಟ್ಟಿಗೆ ತಿದ್ದಬೇಕಾದರೆ ಅದಕ್ಕೆ ಸಮನಾದದ್ದು ಲಿಬ್ರೆಆಫೀಸಿನಲ್ಲಿ ಇಲ್ಲ. ಇನ್ನೊಂದು ಬಾಯಲ್ಲಿ ಹೇಳಿ ಬರೆಸುವುದು. ಟೂಲ್ಸ್‌ನಲ್ಲಿ ವಾಯ್ಸ್ ಟೈಪಿಂಗ್ ಒತ್ತಿ ಭಾಷೆ ಕನ್ನಡ ಮಾಡಿದರೆ ಗ್ರಾಂಥಿಕ ಕನ್ನಡವನ್ನು ಸಾಕಷ್ಟು ಚೆನ್ನಾಗಿಯೇ ಹಿಡಿಯುತ್ತದೆ. ಹವ್ಯಕ ಕನ್ನಡಕ್ಕೆ ಅದು ತಬ್ಬಿಬ್ಬಾದರೆ ಆಶ್ಚರ್ಯವೇನಿಲ್ಲ. ಇದಕ್ಕೆ ನೆಟ್ ಬೇಕೇ ಬೇಕು. ಡಾಕ್ಸನ್ನು ನೆಟ್ ಇಲ್ಲದೆ ತೆರೆಯುವ ದಾರಿಯೂ ಇದೆ: ಕ್ರೋಮ್ ಅಥವಾ ಎಡ್ಜ್‌ನಲ್ಲಿ ‘ಗೂಗಲ್ ಡಾಕ್ಸ್ ಆಫ್‌ಲೈನ್’ ವಿಸ್ತರಣೆ ಹಾಕಿ, ಡ್ರೈವಿನ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆನ್ ಮಾಡಬೇಕು. ಇದನ್ನು ನೆಟ್ ಇದ್ದಾಗಲೇ ಮಾಡಿಟ್ಟಿರಬೇಕು, ಹೋದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. 15 ಜಿಬಿ ಉಚಿತ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಮದುವೆಯ ಫೋಟೋಗಳಿಂದ ಅದು ತುಂಬಿದರೆ ಜಿಮೇಲಿಗೆ ಪತ್ರ ಬರುವುದೂ ನಿಲ್ಲುತ್ತದೆ.

ತೀರ್ಪು ಹೇಳಬೇಕೆಂದರೆ, ಬರೆಯುವುದು ಲಿಬ್ರೆಆಫೀಸಿನಲ್ಲಿ, ಕಳಿಸುವುದು ಪಿಡಿಎಫ್ ಮಾಡಿ. ಪಿಡಿಎಫ್‌ನಲ್ಲಿ ಫಾಂಟು ಒಳಗೇ ಸೇರಿಕೊಂಡಿರುವುದರಿಂದ ಆಚೆಯವರ ಮೊಬೈಲಿನಲ್ಲೂ ಅದೇ ರೂಪದಲ್ಲಿ ಕಾಣುತ್ತದೆ. ಅವರೂ ತಿದ್ದುವುದಿದ್ದರೆ ಮಾತ್ರ ಡಾಕ್ಸ್‌ಗೆ ಏರಿಸಿ.

ಕನ್ನಡ ಟೈಪಿಂಗ್: ನುಡಿಯೋ, ವಿಂಡೋಸಿನದೋ, ಗೂಗಲ್ಲೋ

ಇದರಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಯಾವ ಕೀಲಿಯಲ್ಲಿ ಯಾವ ಅಕ್ಷರ ಬರಬೇಕು ಎಂಬುದು ಕೀಲಿಮಣೆಯ ವಿನ್ಯಾಸ. ಒತ್ತಿದ ಅಕ್ಷರ ಫೈಲಿನೊಳಗೆ ಏನಾಗಿ ಉಳಿಯುತ್ತದೆ ಎಂಬುದು ಸಂಕೇತ. ವಿನ್ಯಾಸ ಯಾವುದಾದರೂ ಆದೀತು, ಕೈಗೆ ಕೂತದ್ದೇ ಒಳ್ಳೆಯದು. ಸಂಕೇತ ಮಾತ್ರ ಎಲ್ಲ ಕಂಪ್ಯೂಟರು, ಮೊಬೈಲುಗಳಿಗೂ ಅರ್ಥವಾಗುವ ಯುನಿಕೋಡೇ ಆಗಿರಬೇಕು.

ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ‘ನುಡಿ 01 ಇ’ ಥರದ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ತುಣುಕುಗಳ ಚಿತ್ರ ತೊಡಿಸಿದ್ದು ಅಷ್ಟೆ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ‘ಕನ್ನಡ’ ಎಂಬ ಪದ ತೆರೆದರೆ ಕಾಣುವುದು ದೊಡ್ಡಕ್ಷರದ ಪಿ, ತಲೆಯ ಮೇಲೆ ಗೀಟು ಎಳೆದ ಎ, ಪೌಂಡ್ ಹಣದ ಗುರುತು, ಹೀಗೆ. ಗೂಗಲ್ ಅದನ್ನು ಹುಡುಕಿಕೊಡುವುದಿಲ್ಲ, ಎಕ್ಸೆಲ್ ಅಕಾರಾದಿಯಲ್ಲಿ ಜೋಡಿಸುವುದಿಲ್ಲ, ವಾಟ್ಸ್ಆ್ಯಪಿಗೆ ಅಂಟಿಸಿದರೆ ಅದೇ ಗೀಟು, ಅದೇ ಪೌಂಡು. ನುಡಿಯ ಹೊಸ ಆವೃತ್ತಿಗಳಲ್ಲಿ ಯುನಿಕೋಡ್ ಆಯ್ಕೆ ಇದೆ. ಅದನ್ನು ಆನ್ ಮಾಡಿಕೊಂಡರೆ ಹಳೆಯ ಅಭ್ಯಾಸದಲ್ಲೇ ಮುಂದುವರಿಯಬಹುದು.

ನುಡಿಯಲ್ಲಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ‘ಕನ್ನಡ’ ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಒಟ್ಟು ಐದು ಕೀಲಿ. ಎಫ್ ಎಂದರೆ ಒತ್ತು ಕೂಡಿಸುವ ಕೊಂಡಿ. ‘ಕೆಎಎನ್‌ಎನ್‌ಎಡಿಎ’ ಎಂದು ಉಚ್ಚಾರದಂತೆ ಹೊಡೆದರೆ ಏಳು ಕೀಲಿ. ದಿನಕ್ಕೆ ಹತ್ತು ಪುಟ ಟೈಪ್ ಮಾಡುವವರಿಗೆ ಈ ವ್ಯತ್ಯಾಸ ದೊಡ್ಡದು, ಅಂಥವರು ಕೆ.ಪಿ. ರಾವ್ ವಿನ್ಯಾಸ ಕಲಿಯುವುದೇ ಸರಿ. ತಿಂಗಳಿಗೊಂದು ಅರ್ಜಿ ಬರೆಯುವವರಿಗೆ ಅದನ್ನು ಕಲಿಯುವ ಶ್ರಮ ದಂಡ.

ಅಂಥವರಿಗೆ ವಿಂಡೋಸಿನೊಳಗೇ ಇರುವ ‘ಕನ್ನಡ ಫೋನೆಟಿಕ್’ ಸಾಕು. 2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯಿಂದ ಇದು ಇದೆ, ಬೇರೆ ಏನೂ ಇಳಿಸಿಕೊಳ್ಳಬೇಕಿಲ್ಲ. ಸೆಟ್ಟಿಂಗ್ಸ್‌ನ ಟೈಮ್ ಆ್ಯಂಡ್ ಲ್ಯಾಂಗ್ವೇಜ್‌ನಲ್ಲಿ ಕನ್ನಡ ಸೇರಿಸಿ, ಅದರ ಆಪ್ಶನ್ಸ್‌ಗೆ ಹೋಗಿ ‘ಆ್ಯಡ್ ಎ ಕೀಬೋರ್ಡ್’ ಒತ್ತಿ ಕನ್ನಡ ಫೋನೆಟಿಕ್ ಆರಿಸಿ. ಅಲ್ಲೇ ಮೊದಲಿಂದ ಇರುವ ‘ಕನ್ನಡ’ ಎಂಬುದು ಇನ್‌ಸ್ಕ್ರಿಪ್ಟ್ ಎಂಬ ವಿನ್ಯಾಸ, ಅದು ಇಂಗ್ಲಿಷ್ ಉಚ್ಚಾರದಂತೆ ನಡೆಯುವುದಿಲ್ಲ. ಗೊತ್ತಿಲ್ಲದೆ ಅದರಲ್ಲೇ ಹೊಡೆಯಹೋಗಿ ‘ಏನೇನೋ ಬರ್ತದೆ’ ಎಂದು ಕೈಬಿಟ್ಟವರು ಬಹಳ. ಬೇಡವಾದರೆ ಅದನ್ನು ತೆಗೆದುಹಾಕಿ. ಇಂಗ್ಲಿಷ್–ಕನ್ನಡ ಬದಲಿಸಲು ವಿಂಡೋಸ್ ಕೀಲಿಯ ಜೊತೆ ಸ್ಪೇಸ್. ಕಾರವಾರದ ಕಡೆ ಕೊಂಕಣಿಯನ್ನು ದೇವನಾಗರಿಯಲ್ಲಿ ಬರೆಯುವವರು ಇದೇ ಪಟ್ಟಿಯಲ್ಲಿ ಕೊಂಕಣಿಯನ್ನೂ ಸೇರಿಸಿಕೊಳ್ಳಬಹುದು.

ಗೂಗಲ್ ಇನ್‌ಪುಟ್ ಟೂಲ್ಸ್ ಈಗ ಬ್ರೌಸರಿನೊಳಗೆ ಮಾತ್ರ. ವಿಂಡೋಸಿಗೆ ಹಾಕುತ್ತಿದ್ದ ಆವೃತ್ತಿಯನ್ನು ಗೂಗಲ್ ನಿಲ್ಲಿಸಿದೆ. ಕಂಡಕಂಡ ಡೌನ್‌ಲೋಡ್ ತಾಣಗಳು ಅದನ್ನೇ ‘ಆಫ್‌ಲೈನ್ ಸೆಟಪ್’ ಎಂದು ಹಂಚುತ್ತವೆ, ಮುಟ್ಟಬೇಡಿ.

ಹಳೆಯ ನುಡಿ ಕಡತಗಳನ್ನು ಯುನಿಕೋಡಿಗೆ ತರಲು ನುಡಿಯ ಜೊತೆಗೇ ಪರಿವರ್ತಕ ಬರುತ್ತದೆ, ಜಾಲತಾಣದಲ್ಲೂ ಉಚಿತ ಪರಿವರ್ತಕಗಳಿವೆ. ಎಡವುವುದು ಒಂದೇ ಕಡೆ. ಕಡತದ ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕಕ್ಕೆ ಅದು ಗೊತ್ತಾಗುವುದಿಲ್ಲ, ಅದನ್ನೂ ಕನ್ನಡದ ತುಣುಕೆಂದು ತಿಳಿದು ಕಲಸುಮೇಲೋಗರ ಮಾಡುತ್ತದೆ. ಇಂಗ್ಲಿಷ್ ಭಾಗವನ್ನು ಮೊದಲೇ ಬೇರೆ ಕಡೆ ತೆಗೆದಿಟ್ಟು ಆಮೇಲೆ ಸೇರಿಸಿ.

ಯುನಿಕೋಡಿನಲ್ಲಿ ಬರೆದದ್ದನ್ನು ಪ್ರೆಸ್ಸಿನವರು ವಾಪಸ್ ಕಳಿಸಿದರೆ ಅವರ ಮೇಲೆ ಸಿಟ್ಟಾಗಬೇಕಿಲ್ಲ. ಪೇಜ್‌ಮೇಕರಿನಂಥ ಹಳೆಯ ತಂತ್ರಾಂಶಕ್ಕೆ ಭಾರತೀಯ ಲಿಪಿಯ ಒತ್ತು, ಕಾಗುಣಿತಗಳನ್ನು ಯುನಿಕೋಡಿನಿಂದ ಜೋಡಿಸಲು ಬರುವುದಿಲ್ಲ. ಯಕ್ಷಗಾನದ ಕರಪತ್ರವೋ ಉಪನಯನದ ಆಮಂತ್ರಣವೋ ಆದರೆ ಎರಡು ದಾರಿಗಳಿವೆ. ನೀವೇ ಲಿಬ್ರೆಆಫೀಸ್ ಅಥವಾ ಚಿತ್ರ ಬಿಡಿಸುವ ಇಂಕ್‌ಸ್ಕೇಪಿನಲ್ಲಿ ಪುಟ ಕಟ್ಟಿ ಪಿಡಿಎಫ್ ಕೊಡಿ, ಇಲ್ಲವೇ ಪಠ್ಯವನ್ನು ನುಡಿಗೆ ತಿರುಗಿಸಿ ಕೊಟ್ಟು ಅಚ್ಚಿನ ಮೊದಲು ಕರಡು ತರಿಸಿ ನೋಡಿ.

ಪದದ ಅರ್ಥ ಬೇಕಾದಾಗ ಅನುವಾದ ತಾಣಕ್ಕಿಂತ ಅಲರ್ ನಿಘಂಟು ಮೇಲು. ವಿ. ಕೃಷ್ಣ ಅವರು ವರ್ಷಗಟ್ಟಲೆ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷದಷ್ಟು ಪದಗಳಿವೆ, ಜಾಹೀರಾತಿಲ್ಲ, ಪುಟ ಹಗುರವಾದ್ದರಿಂದ ಒಂದು ಗೆರೆ ಸಿಗ್ನಲ್ ಇದ್ದರೂ ತೆರೆಯುತ್ತದೆ.

ಪಿಡಿಎಫ್: ಏರಿಸುವ ಮೊದಲು ಯೋಚಿಸಿ

‘ಐ ಲವ್ ಪಿಡಿಎಫ್’ ತರಹದ ತಾಣಗಳು ಸುಲಭ, ಸಂಶಯವಿಲ್ಲ. ಆದರೆ ಪಹಣಿ, ಪಾಸ್‌ಬುಕ್, ಆಧಾರ್ ಮೂರನ್ನು ಜೋಡಿಸಲು ಮೂರನ್ನೂ ಹೊರದೇಶದ ಸರ್ವರಿಗೆ ಕಳಿಸಿ ವಾಪಸ್ ತರಿಸಿಕೊಳ್ಳುವುದೇಕೆ? ಅದೂ 20 ಎಂಬಿಯ ಫೈಲು, ಊರಿನ ನೆಟ್ಟಿನಲ್ಲಿ. ವಿಂಡೋಸಿನಲ್ಲಿ ಪಿಡಿಎಫ್24 ಕ್ರಿಯೇಟರ್ ಹಾಕಿಕೊಂಡರೆ ಜೋಡಿಸುವುದು, ಬಿಡಿಸುವುದು, ಕುಗ್ಗಿಸುವುದು ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಅದೇ ಹೆಸರಿನ ಜಾಲತಾಣವೂ ಇದೆ. ಜಾಲತಾಣದ್ದು ಬೇರೆ, ಇನ್‌ಸ್ಟಾಲ್ ಮಾಡುವ ಕ್ರಿಯೇಟರ್ ಬೇರೆ, ಬೇಕಾದ್ದು ಎರಡನೆಯದು. ವಿಂಡೋಸಿನ ಬದಲು ಲಿನಕ್ಸ್ ಎಂಬ ಉಚಿತ ವ್ಯವಸ್ಥೆ ಬಳಸುವವರಿಗೆ ಪಿಡಿಎಫ್‌ಸ್ಯಾಮ್ ಬೇಸಿಕ್ ಇದೆ, ಜೋಡಿಸಲು ಬಿಡಿಸಲು ಅದು ಸಾಕು, ಕುಗ್ಗಿಸುವ ಕೆಲಸ ಅದರದ್ದಲ್ಲ.

ಓದಲು ಮಾತ್ರವಾದರೆ ಸುಮಾತ್ರಾ ಪಿಡಿಎಫ್. ಪುಟ್ಟ ಫೈಲು, ಹಳೆಯ ಕಂಪ್ಯೂಟರಿನಲ್ಲೂ ಥಟ್ಟನೆ ತೆರೆಯುತ್ತದೆ. ಅರ್ಜಿಯ ಖಾಲಿ ಜಾಗ ತುಂಬಲು ಫೈರ್‌ಫಾಕ್ಸಿನಲ್ಲೇ ಪಿಡಿಎಫ್ ತೆರೆಯಿರಿ, ಮೇಲಿನ ಪಟ್ಟಿಯಲ್ಲಿ ಪಠ್ಯ ಸೇರಿಸುವ, ಗೀಚುವ, ಚಿತ್ರ ಅಂಟಿಸುವ ಗುಂಡಿಗಳಿವೆ. ಅಡೋಬಿಯ ರೀಡರ್ ಭಾರ. ಪ್ರಮಾಣಪತ್ರದ ಡಿಜಿಟಲ್ ಸಹಿ ನಿಜವೇ ಎಂದು ಪರೀಕ್ಷಿಸುವಾಗ ಮಾತ್ರ ಅದರ ಅಗತ್ಯ ಬೀಳುತ್ತದೆ.

ಇ-ಆಧಾರ್ ಫೈಲಿನ ಪಾಸ್‌ವರ್ಡ್: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡಕ್ಷರ, ಅದಕ್ಕೆ ಹತ್ತಿಸಿ ಹುಟ್ಟಿದ ವರ್ಷ. ಪಾಸ್‌ವರ್ಡ್ ತೆಗೆಯಲೆಂದು ‘ಪ್ರಿಂಟ್ ಟು ಪಿಡಿಎಫ್’ ಕೊಟ್ಟರೆ ಹೊಸ ಪ್ರತಿಯಲ್ಲಿ ಡಿಜಿಟಲ್ ಸಹಿ ಉಳಿಯುವುದಿಲ್ಲ, ಬರೀ ಅದರ ಚಿತ್ರ ಉಳಿಯುತ್ತದೆ. ಆದ್ದರಿಂದ ಮೂಲ ಫೈಲನ್ನು ಅಳಿಸಬೇಡಿ. ಲಾಡ್ಜು, ಬಾಡಿಗೆ ಕರಾರಿನಂಥದ್ದಕ್ಕೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಡಿ.

ಸ್ಕ್ಯಾನರ್ ಇದ್ದವರು ಕಂಪನಿಯ ಭಾರದ ತಂತ್ರಾಂಶ ಬಿಟ್ಟು ನ್ಯಾಪ್ಸ್2 ಎಂಬ ಉಚಿತ ಸ್ಕ್ಯಾನ್ ತಂತ್ರಾಂಶ ಬಳಸಿ ನೋಡಿ. ಹಲವು ಪುಟ ಒಂದೇ ಪಿಡಿಎಫ್ ಆಗುತ್ತದೆ. ಅಚ್ಚಾದ ಪುಟದಿಂದ ಅಕ್ಷರ ಗುರುತಿಸಲು ಕನ್ನಡ ಭಾಷೆಯ ಕಡತವನ್ನು ಒಮ್ಮೆ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಸ್ಕ್ಯಾನಿನ ಸೂಕ್ಷ್ಮತೆಯನ್ನು 300 ಡಿಪಿಐಗಿಂತ ಕಡಿಮೆ ಇಟ್ಟರೆ ಒತ್ತಕ್ಷರಗಳು ತಪ್ಪುತ್ತವೆ. ಪುಟ ಒಂದೋ ಎರಡೋ ಆದರೆ ಚಿತ್ರವನ್ನು ಗೂಗಲ್ ಡ್ರೈವಿಗೆ ಏರಿಸಿ ‘ಓಪನ್ ವಿತ್ ಗೂಗಲ್ ಡಾಕ್ಸ್’ ಕೊಡುವುದೇ ಸುಲಭ.

ಫೋಟೋವನ್ನು 50 ಕೆಬಿಗೆ ತರುವುದು

ಆನ್‌ಲೈನ್ ಅರ್ಜಿಗಳಲ್ಲಿ ಅತಿ ಹೆಚ್ಚು ಹೊತ್ತು ಹಾಳಾಗುವುದು ಇಲ್ಲಿ. ಬ್ಯಾಂಕ್ ಪರೀಕ್ಷೆಯ ಅರ್ಜಿಗಳಲ್ಲಿ ಸಾಮಾನ್ಯವಾಗಿ ಕೇಳುವುದು 200×230 ಪಿಕ್ಸೆಲ್, 20ರಿಂದ 50 ಕೆಬಿ. ಮೊಬೈಲ್ ಫೋಟೋ 4000×3000 ಪಿಕ್ಸೆಲ್ ಇರುತ್ತದೆ. ಅಳತೆಯನ್ನು ಹಾಗೇ ಬಿಟ್ಟು ಗುಣಮಟ್ಟವನ್ನಷ್ಟೇ ಇಳಿಸಿ ಕೆಬಿ ಕಡಿಮೆ ಮಾಡಹೊರಟರೆ ಮುಖದ ಮೇಲೆಲ್ಲ ಚೌಕಚೌಕ ಏಳುತ್ತದೆ, ಅರ್ಜಿ ತಿರಸ್ಕಾರ. ಮೊದಲು ಕತ್ತರಿಸಿ, ಆಮೇಲೆ ಪಿಕ್ಸೆಲ್ ಇಳಿಸಿ, ಕೊನೆಗೆ ಕೆಬಿ ನೋಡಿ.

ಇರ್ಫಾನ್‌ವ್ಯೂನಲ್ಲಿ ಶಿಫ್ಟ್ ಜೊತೆ ಸಿ ಒತ್ತಿ 200:230 ಅನುಪಾತದ ಚೌಕಟ್ಟು ಎಳೆಯಿರಿ, ಕಂಟ್ರೋಲ್ ಜೊತೆ ವೈ ಒತ್ತಿದರೆ ಅಷ್ಟು ಭಾಗ ಉಳಿಯುತ್ತದೆ. ಕಂಟ್ರೋಲ್ ಜೊತೆ ಆರ್ ಒತ್ತಿ ಅಗಲ 200, ಎತ್ತರ 230 ಕೊಡಿ. ಕತ್ತರಿಸದೆ ನೇರ ಈ ಅಳತೆ ತುಂಬಿದರೆ ಮುಖ ಉದ್ದವೋ ಅಡ್ಡವೋ ಆಗಿ ಎಳೆದುಕೊಳ್ಳುತ್ತದೆ. ಉಳಿಸುವಾಗ ಜೆಪೆಗ್, ಗುಣಮಟ್ಟ 90. ಈ ಅಳತೆಗೆ ಬಂದ ಮೇಲೆ 50 ಕೆಬಿ ಮೀರುವುದು ಅಪರೂಪ, ಬದಲಿಗೆ 20 ಕೆಬಿಗಿಂತ ಕೆಳಗೆ ಹೋದೀತು. ಹಾಗಾದರೆ ಗುಣಮಟ್ಟವನ್ನು 100ಕ್ಕೆ ಏರಿಸಿ ಮತ್ತೆ ಉಳಿಸಿ, ಫೈಲು ದೊಡ್ಡದಾಗುತ್ತದೆ. ಫೋಟೋವನ್ನು ಸ್ಟುಡಿಯೋದಿಂದ ತರಿಸುವಾಗ ವಾಟ್ಸ್ಆ್ಯಪಿನಲ್ಲಿ ಚಿತ್ರವಾಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಅಂಗಡಿಯವರು ಇದೇ ಕೆಲಸಕ್ಕೆ ಗೂಗಲಿನ ಸ್ಕ್ವೂಷ್ ತಾಣ ಬಳಸಬಹುದು. ಅದು ಬ್ರೌಸರಿನಲ್ಲಿ ತೆರೆದುಕೊಂಡರೂ ಫೋಟೋ ಎಲ್ಲಿಗೂ ಹೋಗುವುದಿಲ್ಲ, ಕುಗ್ಗಿಸುವ ಕೆಲಸ ನಿಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಎಡಗಡೆ ಹಳೆಯದು, ಬಲಗಡೆ ಹೊಸದು, ನಡುವೆ ಸರಿಸುವ ಗೆರೆ. ಗುಣಮಟ್ಟ ಎಳೆದಂತೆ ಕೆಬಿ ಅಲ್ಲೇ ಬದಲಾಗುತ್ತದೆ. ಕತ್ತರಿಸುವುದನ್ನು ಮಾತ್ರ ವಿಂಡೋಸಿನ ಫೋಟೋಸ್‌ನಲ್ಲಿ ಮೊದಲೇ ಮಾಡಿಕೊಳ್ಳಬೇಕು. ಹಿನ್ನೆಲೆ ಬದಲಿಸುವುದು, ಪದರ ಪದರವಾಗಿ ಕೆಲಸ ಮಾಡುವುದಿದ್ದರೆ ಗಿಂಪ್ ಅಥವಾ ಬ್ರೌಸರಿನಲ್ಲಿ ತೆರೆಯುವ ಫೋಟೋಪಿಯಾ. ಫೋಟೋಶಾಪ್ ಗೊತ್ತಿದ್ದವರಿಗೆ ಫೋಟೋಪಿಯಾ ಕೂಡಲೇ ಕೈಗೆ ಹತ್ತುತ್ತದೆ, ಗಿಂಪಿಗೆ ಒಂದು ವಾರದ ತಾಳ್ಮೆ ಬೇಕು.

ಹೆಚ್ಚು ಯೋಚಿಸಬೇಕಿಲ್ಲದವು

ವೀಡಿಯೊಗೆ ವಿಎಲ್‌ಸಿ. ಕುಗ್ಗಿಸಿದ ಫೈಲಿಗೆ 7-ಜಿಪ್, ಪಾಸ್‌ವರ್ಡ್ ಹಾಕಿ ದಾಖಲೆ ಕಳಿಸಲೂ ಅದೇ. ಬ್ರೌಸರಿಗೆ ಫೈರ್‌ಫಾಕ್ಸ್ ಮತ್ತು ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್. ಕ್ರೋಮ್‌ನಲ್ಲಿ ಈಗ ಅದರ ಲೈಟ್ ಆವೃತ್ತಿ ಮಾತ್ರ ನಡೆಯುತ್ತದೆ. ಜಾಹೀರಾತು ತಡೆದರೆ ಡೇಟಾ ಉಳಿಯುವುದರ ಜೊತೆಗೆ ಡೌನ್‌ಲೋಡ್ ಪುಟಗಳ ಸುಳ್ಳು ಹಸಿರು ಗುಂಡಿಗಳೂ ಮಾಯ. ಸರ್ಕಾರಿ ಪೋರ್ಟಲ್ ಯಾವುದಾದರೂ ಹಟ ಮಾಡಿದರೆ ಎಡ್ಜ್ ಇದ್ದೇ ಇದೆ.

ಆ್ಯಂಟಿವೈರಸ್ ಬೇರೆ ಬೇಡ, ವಿಂಡೋಸಿನ ಡಿಫೆಂಡರ್ ಸಾಕು. ‘ಕಂಪ್ಯೂಟರ್ ಚುರುಕು ಮಾಡುವ’, ‘ಡ್ರೈವರ್ ಅಪ್‌ಡೇಟ್ ಮಾಡುವ’ ತಂತ್ರಾಂಶಗಳು ಬೇಡವೇ ಬೇಡ. ಹೆಸರಾಂತ ಸಿಕ್ಲೀನರಿನ ಅಧಿಕೃತ ಫೈಲಿನೊಳಗೇ 2017ರಲ್ಲಿ ಹಾನಿ ಮಾಡುವ ಕಳ್ಳ ಪ್ರೋಗ್ರಾಂ ಸೇರಿಕೊಂಡಿತ್ತು. ಸೋಂಕು ತಗುಲಿದ ಅನುಮಾನ ಬಂದರೆ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ತೆಗೆದುಹಾಕುವ ಉಚಿತ ಸಲಕರಣೆಗಳಿವೆ.

ಮಳೆಯ ಮುನ್ಸೂಚನೆಗೆ ಮೂರು ತಾಣ, ಮೂರಕ್ಕೂ ಬೇರೆ ಬೇರೆ ಉಪಯೋಗ. ಕೆಂಪು, ಕಿತ್ತಳೆ ಎಚ್ಚರಿಕೆಗೆ ಹವಾಮಾನ ಇಲಾಖೆಯದನ್ನೇ ನೋಡಬೇಕು. ಅಡಿಕೆಗೆ ಕೊಳೆಮದ್ದು ಹೊಡೆಯಲು ಎರಡು ಗಂಟೆ ಬಿಡುವು ಸಿಕ್ಕೀತೇ ಎಂದು ತಿಳಿಯಲು ಇಲಾಖೆಯ ಗೋವಾ ರಾಡಾರ್ ಚಿತ್ರ ಉಳಿದೆಲ್ಲಕ್ಕಿಂತ ನಂಬಿಕಸ್ಥ, ಯಾಕೆಂದರೆ ಅದು ಈಗಾಗಲೇ ಇರುವ ಮೋಡವನ್ನು ತೋರಿಸುತ್ತದೆ. ವಿಂಡಿ ತಾಣ ಚೆಂದ, ಆದರೆ ಅದು ತೋರಿಸುವ ಯುರೋಪಿನ ಹವಾಮಾನ ಮಾದರಿ ಒಂದೊಂದು ಲೆಕ್ಕ ಕೊಡುವ ಚೌಕ ಸುಮಾರು 9 ಕಿಲೋಮೀಟರಿನದು, ಅಮೆರಿಕದ್ದು 22. ದೇವಿಮನೆ ಘಟ್ಟದ ಕೆಳಗೂ ಮೇಲೂ ಮಳೆ ಬೇರೆ ಬೇರೆ. ಅಷ್ಟು ದೊಡ್ಡ ಚೌಕಕ್ಕೆ ಅದು ತಿಳಿಯುವುದು ಹೇಗೆ? ಗಾಳಿಯ ದಿಕ್ಕು ತಿಳಿಯಲು ವಿಂಡಿ ನೋಡಿ, ಅದರ ಮಳೆಯ ಮಿಲಿಮೀಟರ್ ನಂಬಬೇಡಿ. ದೋಣಿಗೆ ಹೋಗುವವರಿಗೆ ಅಲೆಯ ಎತ್ತರ, ಉಬ್ಬರದ ಎಚ್ಚರಿಕೆ ಕೊಡುವುದು ಹೈದರಾಬಾದಿನ ಸಮುದ್ರ ಮಾಹಿತಿ ಕೇಂದ್ರ ಇನ್‌ಕಾಯ್ಸ್.

ವಿಂಡೋಸ್ 10 ಇರುವ ಹಳೆಯ ಯಂತ್ರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ. ಮನೆ ಬಳಕೆದಾರರು ಹೆಸರು ನೋಂದಾಯಿಸಿದರೆ ಭದ್ರತಾ ಪರಿಷ್ಕರಣೆ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು, ಇಂಟೆಲ್ ಆದರೆ 8ನೇ ತಲೆಮಾರಿನ ಅಥವಾ ಅದರ ಮೇಲಿನ ಪ್ರೊಸೆಸರ್ ಬೇಕು. ಅದಿಲ್ಲದ ಯಂತ್ರಕ್ಕೆ ಅಡ್ಡದಾರಿಯಲ್ಲಿ 11 ಹಾಕಿಕೊಡುವವರಿದ್ದಾರೆ, ಮುಂದಿನ ದೊಡ್ಡ ಪರಿಷ್ಕರಣೆಗೆ ಅದು ಎಲ್ಲಿ ಸಿಕ್ಕಿಬೀಳುತ್ತದೋ ಹೇಳಲಾಗದು.

ಪರ್ಯಾಯವೆಂದರೆ ವಿಂಡೋಸಿನ ಬದಲು ಹಾಕಿಕೊಳ್ಳುವ ಉಚಿತ ಲಿನಕ್ಸ್ ಮಿಂಟ್. ಕನಿಷ್ಠ 2 ಜಿಬಿ ರ್‍ಯಾಮ್, ಆರಾಮಾಗಿ ನಡೆಯಲು 4 ಜಿಬಿ. ಹಳೆಯದಕ್ಕೆ ಎಕ್ಸ್‌ಎಫ್‌ಸಿಇ ರೂಪ, ಸ್ವಲ್ಪ ಹೊಸದಕ್ಕೆ ಸಿನಮನ್. ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಫೈಲು ಸುಮಾರು 3 ಜಿಬಿ, ಪೇಟೆಯಲ್ಲಿ ನೆಟ್ ಚೆನ್ನಾಗಿರುವ ಕಡೆ ಟೊರೆಂಟಿನಲ್ಲಿ ಇಳಿಸಿದರೆ ನಡುವೆ ಕಡಿದರೂ ಅಲ್ಲಿಂದಲೇ ಮುಂದುವರಿಯುತ್ತದೆ. ರೂಫಸ್ ಎಂಬ ಪುಟ್ಟ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆಯಿರಿ, ಅದರಲ್ಲಿದ್ದದ್ದೆಲ್ಲ ಅಳಿಸುತ್ತದೆ. ಯಂತ್ರ ಹೊತ್ತಿಸುವಾಗ ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿ ಪೆನ್‌ಡ್ರೈವ್ ಆರಿಸಿದರೆ ಇನ್‌ಸ್ಟಾಲ್ ಮಾಡದೆಯೇ ಮಿಂಟ್ ತೆರೆಯುತ್ತದೆ.

ಆ ಸ್ಥಿತಿಯಲ್ಲೇ ವೈಫೈ, ಧ್ವನಿ, ಮುಖ್ಯವಾಗಿ ಪ್ರಿಂಟರ್ ಪರೀಕ್ಷಿಸಿ. ಎಚ್‌ಪಿ ಪ್ರಿಂಟರುಗಳು ಹೆಚ್ಚಾಗಿ ಹಾಗೇ ಕೆಲಸ ಮಾಡುತ್ತವೆ. ಎಷ್ಟೋ ಅಂಗಡಿಗಳಲ್ಲಿರುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ಸತಾಯಿಸುತ್ತದೆ. ಅದಿದ್ದವರು, ಜಿಎಸ್‌ಟಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು ವಿಂಡೋಸ್ ಬಿಡದಿರುವುದು ವಾಸಿ. ಪತ್ರ, ಪಿಡಿಎಫ್, ಯೂಟ್ಯೂಬ್, ಮಕ್ಕಳ ಓದು ಇಷ್ಟೇ ಆದರೆ ಮಿಂಟ್ ಧಾರಾಳ ಸಾಕು. ನುಡಿ ತಂತ್ರಾಂಶ ಅಲ್ಲಿಲ್ಲ, ಆದರೆ ಕೀಬೋರ್ಡ್ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಎಂಬ ವಿನ್ಯಾಸ ಮೊದಲಿಂದಲೇ ಇದೆ, ಅದು ಬಹುಮಟ್ಟಿಗೆ ನುಡಿಯ ವಿನ್ಯಾಸವನ್ನೇ ಹೋಲುತ್ತದೆ. ವಿಂಡೋಸ್ ಅಳಿಸುವ ಮುಂಚೆ ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದೆಯೇ ನೋಡಿ. ಇದ್ದರೆ ಅದರ ರಿಕವರಿ ಕೀಲಿಯನ್ನು ಬರೆದಿಟ್ಟುಕೊಳ್ಳಿ.

ದೂರದಿಂದ ನೆರವು, ಫೈಲು ಸಾಗಿಸುವುದು, ಪ್ರತಿ ಇಡುವುದು

ಬೆಂಗಳೂರಿನಲ್ಲಿರುವ ಮಗನೋ ಮಗಳೋ ಊರಿನ ಕಂಪ್ಯೂಟರ್ ಸರಿಮಾಡಬೇಕಾದರೆ ವಿಂಡೋಸಿನ ಕ್ವಿಕ್ ಅಸಿಸ್ಟ್ ಒಳ್ಳೆಯದು. ನೆರವು ಕೊಡುವವರು ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದು ಒಂದು ಸಂಕೇತ ಹೇಳುತ್ತಾರೆ, ಅಪ್ಪಯ್ಯನೋ ಆಯಿಯೋ ಅದನ್ನು ಹೊಡೆದು ‘ಅಲೋ’ ಒತ್ತಿದರಾಯಿತು. ಸಂಕೇತ ಸ್ವಲ್ಪ ಹೊತ್ತಿಗೆ ಸಾಯುತ್ತದೆ. ಎನಿಡೆಸ್ಕ್ ಹೆಚ್ಚು ಚುರುಕು, ನಿಧಾನದ ನೆಟ್ಟಿನಲ್ಲೂ ಎಳೆಯುತ್ತದೆ. ಆದರೆ ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವ ವಂಚಕರು ಹಾಕಿಸುವುದೂ ಅದನ್ನೇ. ಮನೆಯ ಹಿರಿಯರ ಕಂಪ್ಯೂಟರಿನಲ್ಲಿ ಅದನ್ನು ಕಾಯಂ ಬಿಡಬೇಡಿ, ಕೆಲಸ ಮುಗಿದ ಮೇಲೆ ತೆಗೆದುಹಾಕಿ. ಹಣ ಹೋಗಿದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು, ತಡವಾದಷ್ಟೂ ತಡೆಯುವುದು ಕಷ್ಟ.

ಮೊಬೈಲಿಂದ ಕಂಪ್ಯೂಟರಿಗೆ ಫೋಟೋ ಸಾಗಿಸಲು ಲೋಕಲ್‌ಸೆಂಡ್ ಎರಡೂ ಕಡೆ ಹಾಕಿಕೊಳ್ಳಿ. ನೆಟ್ ಬೇಡ, ಮೊಬೈಲಿನ ಹಾಟ್‌ಸ್ಪಾಟ್ ಸಾಕು, ಫೋಟೋದ ಗುಣಮಟ್ಟವೂ ಇಳಿಯುವುದಿಲ್ಲ. ಎದುರಿನ ಯಂತ್ರ ಕಾಣದಿದ್ದರೆ ಹೆಚ್ಚಾಗಿ ವಿಂಡೋಸ್ ಆ ವೈಫೈಯನ್ನು ‘ಪಬ್ಲಿಕ್’ ಅಂದುಕೊಂಡಿರುತ್ತದೆ, ‘ಪ್ರೈವೇಟ್’ಗೆ ಬದಲಿಸಿ.

ಪ್ರತಿ ಇಡಲು ಗೂಗಲ್ ಡ್ರೈವಿನ ಸಿಂಕ್ ಒಂದನ್ನೇ ನಂಬುವುದು ಸಾಲದು. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, 30 ದಿನ ಅದರ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಹೋಗೇಬಿಡುತ್ತದೆ. ಫ್ರೀಫೈಲ್‌ಸಿಂಕ್‌ನಲ್ಲಿ ‘ಮಿರರ್’ ಬದಲು ‘ಅಪ್‌ಡೇಟ್’ ಆರಿಸಿ ಹೊರಗಿನ ಹಾರ್ಡ್‌ಡಿಸ್ಕಿಗೆ ವಾರಕ್ಕೊಮ್ಮೆ ಪ್ರತಿ ಮಾಡಿ. ಮಿರರ್ ಕೊಟ್ಟರೆ ಮೂಲದಲ್ಲಿ ಕಳೆದುಹೋದದ್ದನ್ನು ಪ್ರತಿಯಲ್ಲೂ ಅಳಿಸುತ್ತದೆ. ಕೆಲಸ ಮುಗಿದ ಕೂಡಲೇ ಡಿಸ್ಕನ್ನು ಕಳಚಿ ತೆಗೆದಿಡಿ. ಮಳೆಗಾಲದ ಮೊದಲು, ಅದು ಮುಗಿಯುವ ಹೊತ್ತಿಗೆ ಬರುವ ಗುಡುಗು ಸಿಡಿಲಿನ ದಿನಗಳಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟ ಡಿಸ್ಕು ಕಂಪ್ಯೂಟರಿನ ಜೊತೆಗೇ ಸುಡುತ್ತದೆ. ಸಂಜೆ ಮೋಡ ಕಟ್ಟಿದಾಗ ಪ್ಲಗ್ಗಿನ ಜೊತೆ ರೂಟರಿನ ಲ್ಯಾನ್ ತಂತಿಯನ್ನೂ ಎಳೆದಿಡಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.